ಮೊದಲ ಕಿಡಿಗೂ ಮುನ್ನ ಎಣ್ಣೆ

ಬಿಚ್ಚಿ ಜೋಡಿಸಿದ ಹಳೆಯ ಎಂಜಿನ್ನಿಗೆ ಕೀಲಿ ತಿರುಗಿಸುವ ಮುನ್ನ ಎಣ್ಣೆ ಉಣಿಸುವುದಿದೆಯಲ್ಲ, ಮೆಕ್ಯಾನಿಕ್ ಕಸುಬಿನಲ್ಲಿ ಅದರಷ್ಟು ಚೊಕ್ಕ ಕೆಲಸ ಇನ್ನೊಂದಿಲ್ಲ ಎಂಬುದು ನನ್ನ ಪಕ್ಷಪಾತ. 1955ರಲ್ಲಿ ಬಂದ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಇದಕ್ಕೆ ಹೇಳಿ ಮಾಡಿಸಿದ ಎಂಜಿನ್. ಡಿಸ್ಟ್ರಿಬ್ಯೂಟರಿನ ದಂಡವೇ ಕೆಳಗಿನ ಆಯಿಲ್ ಪಂಪನ್ನೂ ತಿರುಗಿಸುತ್ತದೆ. ಹಾಗಾಗಿ ಡಿಸ್ಟ್ರಿಬ್ಯೂಟರನ್ನು ಎತ್ತಿಟ್ಟು, ಆ ತೂತಿನಲ್ಲಿ ಪ್ರೈಮಿಂಗ್ ದಂಡ ಇಳಿಸಿ, ಡ್ರಿಲ್ ಮೆಷಿನ್ನಿನಿಂದ ಬಲಕ್ಕೆ ತಿರುಗಿಸಿದರೆ ಎಂಜಿನ್ ಓಡದೆಯೇ ಎಣ್ಣೆ ಓಡಾಡುತ್ತದೆ. ಆ ದಂಡದ ಬದಲು ಹಳೆಯ ಸ್ಕ್ರೂಡ್ರೈವರಿನ ತುಂಡು ಸಾಲದು. ಡಿಸ್ಟ್ರಿಬ್ಯೂಟರಿನ ಮೈ ಒಂದು ಎಣ್ಣೆ ಕಾಲುವೆಗೆ ಗೋಡೆಯೂ ಹೌದು. ಆ ಜಾಗ ತುಂಬುವ ಕವಚ ಇಲ್ಲದಿದ್ದರೆ ಎಣ್ಣೆ ಅಲ್ಲೇ ಸೋರಿ, ಲಿಫ್ಟರುಗಳ ಒಂದು ಸಾಲು ಬರಗೆಡುತ್ತದೆ.

ಡ್ರಿಲ್ ಮೊದಲು ಹಗುರಾಗಿ ಗುಯ್‌ಗುಡುತ್ತದೆ. ಪಂಪು ಎಣ್ಣೆ ಹಿಡಿದ ಕೂಡಲೇ ದನಿ ತಗ್ಗಿ, ಮಣಿಕಟ್ಟಿಗೆ ಭಾರ ತಿಳಿಯುತ್ತದೆ. ಒತ್ತಡದ ಮುಳ್ಳು ಏಳುತ್ತದೆ. ಮುಳ್ಳು ಎದ್ದಿತೆಂದು ಅಲ್ಲಿಗೇ ನಿಲ್ಲಿಸುವವನು ಅವಸರಗಾರ. ಟೊಳ್ಳು ಪುಷ್‌ರಾಡುಗಳ ಮೂಲಕ ಏರಿದ ಎಣ್ಣೆ 16 ರಾಕರುಗಳಲ್ಲೂ ಜಿನುಗುವವರೆಗೆ, ನಡುನಡುವೆ ಕ್ರ್ಯಾಂಕನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಡ್ರಿಲ್ ಓಡಿಸಬೇಕು. ಕೊನೆಯ ಹಟಮಾರಿ ರಾಕರಿಗಾಗಿ ಕಾಯುವುದರಲ್ಲೇ ಇದರ ಮಜಾ.

ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವುದು ತೆಳ್ಳನೆಯ ಎಣ್ಣೆಪೊರೆ ಮಾತ್ರ. ಅದಿಲ್ಲದೆ ಹೊಸದಾಗಿ ಜೋಡಿಸಿದ ಎಂಜಿನ್ ಎದ್ದರೆ ದುಬಾರಿ ಬೇರಿಂಗುಗಳ ಮೇಲೆ ಮೊದಲ ಕ್ಷಣಗಳಲ್ಲೇ ಗೀರು ಬೀಳಬಹುದು. ಕ್ಯಾಮಿನ ಉಬ್ಬುಗಳಿಗೆ ಮಾತ್ರ ಈ ಉಪಚಾರ ನೆಚ್ಚಿಕೊಳ್ಳುವಂತಿಲ್ಲ. ಅವು ಬದುಕುವುದು ಕ್ರ್ಯಾಂಕ್ ಎರಚುವ ಎಣ್ಣೆಯಿಂದ. ಜೋಡಿಸುವಾಗಲೇ ಅವುಗಳಿಗೆ ಜಾರಿಕೆಯ ಪೇಸ್ಟ್ ಬಳಿದಿರಬೇಕು. ಅಂದಹಾಗೆ, ಎದುರಿಗಿರುವುದು ಫೋರ್ಡಿನ 289 ಎಂಜಿನ್ ಆದರೆ ಡ್ರಿಲ್ ತಿರುಗಬೇಕಾದದ್ದು ಎಡಕ್ಕೆ.