ಹೇಳದೆ ಕೈಕೊಡುವ ಫಿಲ್ಟರ್

ಕಾಡಿಗೆ ಒಯ್ಯುವ ನೀರಿನ ಫಿಲ್ಟರ್ ಮಾರುವವರೆಲ್ಲ ಮೊದಲು ಹೇಳುವುದು ರಂಧ್ರದ ಅಳತೆ. 0.2 ಮೈಕ್ರಾನ್, 0.1 ಮೈಕ್ರಾನ್, 0.02 ಮೈಕ್ರಾನ್. ಅಂಕಿ ಸಣ್ಣದಾದಷ್ಟೂ ಬೆಲೆ ದೊಡ್ಡದು. ಅಮೆರಿಕದ ರಾಕಿ ಪರ್ವತಗಳಲ್ಲಿ ವಾರಗಟ್ಟಲೆ ಎಲ್ಕ್ ಬೇಟೆಗೆ ಹೋಗುವವರು ಕೊಳ್ಳುವುದೂ ಈ ಅಂಕಿಯನ್ನು ನೋಡಿಯೇ. ನನಗೆ ಇದು ಒಪ್ಪಿಗೆಯಿಲ್ಲ. ಕೆಟ್ಟಾಗ ಕೆಟ್ಟಿದ್ದೇನೆಂದು ತೋರಿಸಿಕೊಡುವ ಫಿಲ್ಟರ್ ಯಾವುದು, ಯಾವುದು ಸುಮ್ಮನೆ ನೀರು ಬಿಡುತ್ತಲೇ ಇರುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು.

ಬೇಟೆ ಎಂದೊಡನೆ ಕನ್ನಡದ ಓದುಗರಿಗೆ ಸ್ವಲ್ಪ ಇರಿಸುಮುರಿಸಾಗುವುದು ಸಹಜ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಎಂದರೆ ಅಪರಾಧ. ಅಲ್ಲಿ ಅದು ಪರವಾನಗಿ ಪಡೆದು ಮಾಡುವ ಕೆಲಸ. ಕೊಲರಾಡೊದಲ್ಲಿ ಸೆಪ್ಟೆಂಬರಿನಲ್ಲಿ ಬಿಲ್ಲುಬಾಣದವರ ಸರದಿ, ಅಕ್ಟೋಬರ್ ಮಧ್ಯದಿಂದ ಬಂದೂಕಿನವರದು. ಎಲ್ಕ್ ಎಂಬುದು ನಮ್ಮ ಕಡವೆಯ ಬಳಗಕ್ಕೆ ಸೇರಿದ, ಅದಕ್ಕಿಂತ ದೊಡ್ಡ ಪ್ರಾಣಿ. ಒಂಬತ್ತು ಹತ್ತು ಸಾವಿರ ಅಡಿ ಎತ್ತರದಲ್ಲಿ, ರಸ್ತೆಯಿಂದ ದೂರ ಇರುತ್ತದೆ. ಚಾರಣಿಗನಿಗಾದರೆ ಕಾಲುದಾರಿ ಉಂಟು, ಹಳ್ಳದಿಂದ ಹಳ್ಳಕ್ಕೆ ಲೆಕ್ಕ ಹಾಕಿ ನಡೆಯಬಹುದು. ಬೇಟೆಗಾರ ಪ್ರಾಣಿ ಹೋದ ಕಡೆ ಹೋಗಬೇಕು, ನೀರಿಲ್ಲದ ಏಣಿನ ಮೇಲೆ ದುರ್ಬೀನು ಹಿಡಿದು ಗಂಟೆಗಟ್ಟಲೆ ಕೂರಬೇಕು. ಗಂಡು ಎಲ್ಕ್ ಒಂದು ಬಿತ್ತೆಂದರೆ ಎಲುಬು ಬಿಡಿಸಿದ ಮೇಲೂ ಎಂಬತ್ತು ತೊಂಬತ್ತು ಕಿಲೊ ಮಾಂಸವನ್ನು ಹಲವು ಸಲ ಬೆನ್ನ ಮೇಲೆ ಹೊತ್ತು ಇಳಿಸಬೇಕು. ಆಗ ಬಾಯಾರಿದವನು ನೀರು ಎಲ್ಲಿದ್ದರೆ ಅಲ್ಲಿಂದ ತುಂಬಿಕೊಳ್ಳುತ್ತಾನೆ. ಅದು ದನಗಳು ತುಳಿದ ಹೊಂಡವಾಗಬಹುದು, ಬೆದೆಗೆ ಬಂದ ಎಲ್ಕ್ ಹೊರಳಾಡಿ ಮೂತ್ರ ಹೊಯ್ದ ಕೆಸರುಗುಂಡಿಯೂ ಆಗಬಹುದು.

ಈ ನೀರಿನಲ್ಲಿ ಮುಖ್ಯವಾಗಿ ಅಂಜಬೇಕಾದ ಪರೋಪಜೀವಿಗಳು ಎರಡು. ಜಿಯಾರ್ಡಿಯಾ ಎಂಟು ಮೈಕ್ರಾನಿನ ಆಚೀಚೆ. ಕ್ರಿಪ್ಟೊಸ್ಪೊರಿಡಿಯಂ ನಾಲ್ಕರಿಂದ ಆರು. ಬ್ಯಾಕ್ಟೀರಿಯಾಗಳು ಇನ್ನೂ ಸಣ್ಣವು, ಆದರೂ 0.1 ಮೈಕ್ರಾನಿನ ಜಾಲರಿಯನ್ನು ದಾಟಲಾರವು. ದಾಟುವುದು ವೈರಸ್. ಮನುಷ್ಯರ ಮಲ ಸೇರದ ಎತ್ತರದ ಬೆಟ್ಟಗಳಲ್ಲಿ ಅದರ ಭಯ ಕಡಿಮೆ. ಹೀಗಾಗಿ ರಾಕಿ ಪರ್ವತದ ಮಟ್ಟಿಗೆ ಸುಮಾರು ನಲವತ್ತು ಡಾಲರಿನ ಸಾಯರ್ ಸ್ಕ್ವೀಜ್ ಆಗಲಿ, ಕ್ಯಾಟಡಿನ್ ಕಂಪನಿಯ ಬಿಫ್ರೀ ಆಗಲಿ ಸಾಕು. ಎರಡೂ 0.1 ಮೈಕ್ರಾನಿನವು, ಎರಡೂ ನೂರು ಗ್ರಾಮಿನ ಒಳಗೆ. ಆಯುಷ್ಯದ ಭರವಸೆಗಳನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಯರ್ ಹೇಳಿಕೊಂಡ ಒಂದು ಲಕ್ಷ ಗ್ಯಾಲನ್ ಎಂದರೆ, ದಿನಕ್ಕೆ ಐದು ಲೀಟರ್ ಕುಡಿದರೆ, ಇನ್ನೂರು ವರ್ಷ ದಾಟುತ್ತದೆ. ಫಿಲ್ಟರ್ ಸಾಯುವುದು ಮುಪ್ಪಿನಿಂದಲ್ಲ, ಅಪಘಾತದಿಂದ.

ಆ ಅಪಘಾತ ಚಳಿ. ಈ ಫಿಲ್ಟರುಗಳ ಹೊಟ್ಟೆಯಲ್ಲಿರುವುದು ಹಾಲೋ ಫೈಬರ್, ಅಂದರೆ ಸೇವಿಗೆಗಿಂತ ತೆಳ್ಳಗಿನ ಟೊಳ್ಳು ಎಳೆಗಳ ಕಂತೆ. ಎಳೆಯ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳು. ನೀರು ಅವುಗಳ ಮೂಲಕ ಒಳಕ್ಕೆ ನುಸುಳುತ್ತದೆ, ಕ್ರಿಮಿ ಹೊರಗೇ ಉಳಿಯುತ್ತದೆ. ಒಮ್ಮೆ ಬಳಸಿದ ಮೇಲೆ ಎಷ್ಟು ಕೊಡವಿದರೂ ಎಳೆಗಳ ಒಳಗೆ ನೀರು ಉಳಿದೇ ಉಳಿಯುತ್ತದೆ. ಹತ್ತು ಸಾವಿರ ಅಡಿಯಲ್ಲಿ ಸೆಪ್ಟೆಂಬರಿನ ರಾತ್ರಿಯೇ ಸೊನ್ನೆಗಿಂತ ಕೆಳಗಿಳಿಯಬಹುದು. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಳೆಗಳು ಸೀಳಬಹುದು. ಬೆಳಿಗ್ಗೆ ಬಿಸಿಲಿಗೆ ಕರಗಿದ ಮೇಲೆ ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಫಿಲ್ಟರಿಗೆ ತಿರುಪಿದ ನೀರಿನ ಚೀಲ ಹಿಂಡಿದರೆ ನೀರು ಬರುತ್ತದೆ, ನಿನ್ನೆಗಿಂತ ಸಲೀಸಾಗಿ ಬಂದರೂ ಬಂದೀತು. ಬೇಟೆಗಾರ ಖುಷಿಪಟ್ಟುಕೊಂಡು ಕುಡಿಯುತ್ತಾನೆ.

ದೇಹವೂ ಬೇಗ ದೂರು ಕೊಡುವುದಿಲ್ಲ. ಜಿಯಾರ್ಡಿಯಾ ಹೊಟ್ಟೆಗೆ ಹೋಗಿ ಭೇದಿ ಹಿಡಿಯುವುದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಅಷ್ಟರಲ್ಲಿ ಅವನು ಊರು ಸೇರಿ, ಮಾಂಸವನ್ನು ಫ್ರೀಜರಿಗೆ ತುಂಬಿ, ಆಫೀಸಿಗೆ ಹೋಗುತ್ತಿರುತ್ತಾನೆ. ತಪ್ಪು ಹೊರುವುದು ಹೋಟೆಲಿನ ಊಟ. ‘ಇಷ್ಟು ವರ್ಷದಿಂದ ಇದೇ ಫಿಲ್ಟರ್, ನನಗೇನೂ ಆಗಿಲ್ಲ’ ಎನ್ನುವ ಶಿಫಾರಸುಗಳಿಗೆ ನಾನು ಬೆಲೆ ಕೊಡದಿರುವುದು ಅದಕ್ಕೇ.

ಫಿಲ್ಟರ್ ಹೆಪ್ಪುಗಟ್ಟಿತೆಂಬ ಅನುಮಾನ ಬಂದರೂ ಬದಲಾಯಿಸಿ ಎಂದು ತಯಾರಕರೇ ಹೇಳುತ್ತಾರೆ. ಆದ್ದರಿಂದ ಅನುಭವಿಗಳು ಹಗಲು ಅದನ್ನು ಅಂಗಿಯ ಒಳಜೇಬಿನಲ್ಲಿ, ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಲಗುವ ಚೀಲದ ಒಳಗೆ ಇಟ್ಟುಕೊಳ್ಳುತ್ತಾರೆ. ಪ್ಲಾಟಿಪಸ್ ಕಂಪನಿಯ ಕ್ವಿಕ್‌ಡ್ರಾ ಮಾತ್ರ ಇಲ್ಲಿ ಒಂದು ಹೆಜ್ಜೆ ಮುಂದಿದೆ: ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ವಿಧಾನವನ್ನು ಕಂಪನಿಯೇ ಹೇಳಿಕೊಟ್ಟಿದೆ. ನೆನೆದ ಫಿಲ್ಟರಿಗೆ ಬಾಯಿಟ್ಟು ಊದಬೇಕು. ರಂಧ್ರಗಳಲ್ಲಿ ಹಿಡಿದುಕೊಂಡ ನೀರನ್ನು ತಳ್ಳಲು ನಮ್ಮ ಉಸಿರಿನ ಒತ್ತಡ ಸಾಲದು; ಎಳೆಗಳು ಸರಿಯಿದ್ದರೆ ಕೆನ್ನೆ ಉಬ್ಬುತ್ತದೆಯೇ ಹೊರತು ಗಾಳಿ ಆಚೆ ಹೋಗದು. ಗಾಳಿ ದಾಟಿತೋ, ಎಲ್ಲೋ ಸೀಳಿದೆ. ಇಷ್ಟು ಸರಳ ಪರೀಕ್ಷೆಯನ್ನು ಎಲ್ಲ ತಯಾರಕರೂ ಕೈಪಿಡಿಯ ಮೊದಲ ಪುಟದಲ್ಲಿ ಯಾಕೆ ಹಾಕಬಾರದು?

ಹೀಗೆ ಹೇಳದೆ ಸೀಳುವ ಫಿಲ್ಟರಿಗೆ ಹೋಲಿಸಿದರೆ ಕೊಳೆ ಕಟ್ಟಿಕೊಳ್ಳುವ ಫಿಲ್ಟರ್ ಎಷ್ಟೋ ವಾಸಿ. ಜನ ಅತಿ ಹೆಚ್ಚು ಬೈಯುವುದು ಅದನ್ನೇ, ನಿಜ. ಬಗ್ಗಡ ನೀರಿಗೆ ಬಿಫ್ರೀ ಬೇಗ ಸೋಲುತ್ತದೆ, ನೀರಿನಲ್ಲಿ ಅಲುಬಿ ತೊಳೆಯುವುದು ಬಿಟ್ಟರೆ ಅದಕ್ಕೆ ಬೇರೆ ಚಿಕಿತ್ಸೆಯಿಲ್ಲ. ಸಾಯರ್ ಆದರೆ ಸಿರಿಂಜಿನಿಂದ ಹಿಮ್ಮುಖವಾಗಿ ತಿಳಿನೀರು ಹಾಯಿಸಿ ಗೋಡು ಕಳೆಯಬಹುದು. ಅದರ ಜೊತೆಗೆ ಬರುವ ಚೀಲದ ಅಂಚಿನ ಬೆಸುಗೆ ಜೋರಾಗಿ ಹಿಂಡಿದರೆ ಬಿಟ್ಟುಕೊಳ್ಳುವುದುಂಟು, ಅದಕ್ಕೇ ಹಲವರು ಬೇರೆ ಗಟ್ಟಿ ಚೀಲ ಕೊಳ್ಳುತ್ತಾರೆ. ಈ ದೋಷಗಳೆಲ್ಲ ಕಣ್ಣೆದುರು ನಡೆಯುವಂಥವು. ಮಾಡಬೇಕಾದದ್ದೂ ಗೊತ್ತಿದೆ: ಕೆಸರು ನೀರನ್ನು ಮೊದಲು ಪಾತ್ರೆಯಲ್ಲಿ ತಂಗಲು ಬಿಡುವುದು, ಬಟ್ಟೆಯಲ್ಲಿ ಸೋಸುವುದು. ಕೊಲರಾಡೊ ನದಿಯಲ್ಲಿ ದೋಣಿ ನಡೆಸುವವರು ಮಣ್ಣುನೀರಿಗೆ ಪಟಿಕ ಹಾಕಿ ರಾತ್ರಿಯಿಡೀ ಇಟ್ಟು ತಿಳಿ ತೆಗೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಕೆರೆ ನೀರಿಗೆ ಮಾಡುತ್ತಿದ್ದುದೂ ಅದನ್ನೇ.

ಚಳಿಯನ್ನೇ ಎದುರಿಸುತ್ತೇನೆ ಎನ್ನುವ ಯಂತ್ರವೂ ಉಂಟು. ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ಎಂಎಸ್‌ಆರ್ ಗಾರ್ಡಿಯನ್ ಪಂಪು 0.02 ಮೈಕ್ರಾನಿನದು, ವೈರಸನ್ನೂ ತಡೆಯುತ್ತದೆ. ಪ್ರತಿ ಹೊಡೆತಕ್ಕೂ ಸ್ವಲ್ಪ ನೀರನ್ನು ಹಿಂದಕ್ಕೆ ಹಾಯಿಸಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಹೆಪ್ಪುಗಟ್ಟಿದರೂ, ಕೈಜಾರಿ ಬಿದ್ದರೂ ತಡೆದುಕೊಳ್ಳುತ್ತದೆಂದು ಕಂಪನಿ ಹೇಳುತ್ತದೆ. ತೂಕ ಅರ್ಧ ಕಿಲೊ, ಬೆಲೆ 350–400 ಡಾಲರ್. ಒಬ್ಬನಿಗೆ ಇದು ಅತಿಯಾಯಿತು. ನಾಲ್ವರು ಸೇರಿ ಅಕ್ಟೋಬರ್ ಕೊನೆಯಲ್ಲಿ ಬಿಡಾರ ಹೂಡುವುದಾದರೆ ದುಬಾರಿಯೆನ್ನಲಾರೆ. ಕ್ಯಾಟಡಿನ್ನಿನ ಹಳೆಯ ಪಾಕೆಟ್ ಪಂಪು ಇನ್ನೂ ಭಾರ, ಆದರೂ ಅದರ ಮೇಲೆ ನನಗೆ ಗೌರವವಿದೆ. ಅದರ ಪಿಂಗಾಣಿ ಕೊಳವೆಯನ್ನು ಉಜ್ಜಿ ತೊಳೆದಂತೆ ಅದು ಸವೆಯುತ್ತ ಹೋಗುತ್ತದೆ. ಎಷ್ಟು ಸವೆದಿದೆಯೆಂದು ನೋಡಲು ಒಂದು ಅಳತೆಪಟ್ಟಿಯನ್ನೂ ಜೊತೆಗೇ ಕೊಡುತ್ತಾರೆ. ತನ್ನ ಕೊನೆಗಾಲವನ್ನು ಅಳೆದುಕೊಳ್ಳಿ ಎನ್ನುವ ಸರಕು ಅಪರೂಪ. ಅತಿನೇರಳೆ ಬೆಳಕಿನ ಸ್ಟೆರಿಪೆನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ತಿಳಿನೀರೂ ಬೇಕು, ಬೆಚ್ಚಗಿನ ಬ್ಯಾಟರಿಯೂ ಬೇಕು. ಬೇಟೆಯ ಕಾಲದಲ್ಲಿ ಎರಡೂ ಸಿಗುವುದು ಕಷ್ಟ.

ನನ್ನ ಆಯ್ಕೆ ಹೀಗೆ. ಹಿಂಡುವ ಹಗುರ ಫಿಲ್ಟರ್ ಒಂದು, ಅದನ್ನು ಊದಿ ನೋಡುವ ಅಭ್ಯಾಸ, ಜೊತೆಗೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆಯ ಒಂದು ಪಟ್ಟಿ. ಮಾತ್ರೆಗೆ ಹೆಪ್ಪುಗಟ್ಟುವ, ಕಟ್ಟಿಕೊಳ್ಳುವ ಕಾಟವಿಲ್ಲ. ಕ್ರಿಪ್ಟೊಸ್ಪೊರಿಡಿಯಂ ಸಾಯಲು ತಣ್ಣೀರಿನಲ್ಲಿ ನಾಲ್ಕು ಗಂಟೆ ಕಾಯಬೇಕು, ಅಷ್ಟೇ. ರಾತ್ರಿ ಹಾಕಿಟ್ಟರೆ ಬೆಳಿಗ್ಗೆಗೆ ನೀರು ಸಿದ್ಧ. ಹಳಬರು ಒಯ್ಯುವ ಅಯೋಡಿನ್ ಕ್ರಿಪ್ಟೊಸ್ಪೊರಿಡಿಯಂ ಅನ್ನು ಕೊಲ್ಲುವುದಿಲ್ಲ. ಅಡುಗೆಗೆ ಹೇಗೂ ಒಲೆ ಹಚ್ಚುತ್ತಾರೆ. ಒಂದು ನಿಮಿಷ, 6,500 ಅಡಿಗಿಂತ ಮೇಲಾದರೆ ಮೂರು ನಿಮಿಷ ಕುದಿಸಿದರೆ ಕ್ರಿಮಿಯ ಮಟ್ಟಿಗೆ ಬೇರೇನೂ ಬೇಡ.

ಇಷ್ಟೆಲ್ಲ ಮಾಡಿಯೂ ಕೆಡಿಸಿಕೊಳ್ಳಲು ಕೈ ಒಂದು ಸಾಕು. ಕರುಳು ತೆಗೆದು ಚರ್ಮ ಸುಲಿದ ಕೈಯನ್ನು ಪ್ಯಾಂಟಿಗೆ ಒರೆಸಿ ಅದರಲ್ಲೇ ಫಿಲ್ಟರಿನ ಮೂತಿ ಹಿಡಿಯುವುದನ್ನು ಕಂಡಿದ್ದೇನೆ. ಚೀಲದ ತಿರುಪಿನಿಂದ ಜಿನುಗಿದ ಕೊಳಕು ನೀರು ಕೆಳಗಿನ ಶುದ್ಧ ಬಾಟಲಿಗೆ ತೊಟ್ಟಿಕ್ಕುವುದನ್ನೂ. ಅಮೆರಿಕದ ಕಾಡುಗಳಲ್ಲಿ ಹರಡುವ ಭೇದಿಗೆ ತೊರೆಯ ನೀರಿಗಿಂತ ತೊಳೆಯದ ಕೈಯೇ ಹೆಚ್ಚು ಕಾರಣ ಎಂದು ವಾದಿಸುವ ವೈದ್ಯರಿದ್ದಾರೆ. ಸೋಪಿನ ಚೂರಿಗೆ ಇಪ್ಪತ್ತು ಗ್ರಾಮೂ ಇಲ್ಲ, ಆದರೆ ತೂಕ ಉಳಿಸಲು ಮೊದಲು ಬಿಟ್ಟುಹೋಗುವುದು ಅದನ್ನೇ.

ಯಾವ ಫಿಲ್ಟರೂ ತಡೆಯದ ನೀರು ಈ ಬೆಟ್ಟಗಳಲ್ಲೇ ಇದೆ. ಕೊಲರಾಡೊದ ಸ್ಯಾನ್ ಹ್ವಾನ್ ಬೆಟ್ಟಸಾಲಿನ ತುಂಬ ಪಾಳುಬಿದ್ದ ಗಣಿಗಳು. 2015ರ ಆಗಸ್ಟ್ 5ರಂದು ಸಿಲ್ವರ್ಟನ್ ಬಳಿಯ ಗೋಲ್ಡ್ ಕಿಂಗ್ ಗಣಿಯಿಂದ ಸುಮಾರು ಮೂವತ್ತು ಲಕ್ಷ ಗ್ಯಾಲನ್ ನೀರು ನುಗ್ಗಿ ಆನಿಮಾಸ್ ನದಿ ಅರಿಸಿನ ಕದಡಿದ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣವೇನೋ ಎಲ್ಲರಿಗೂ ಕಂಡಿತು. ಕರಗಿದ ಲೋಹ ತಿಳಿನೀರಿನಲ್ಲೂ ಇರಬಹುದು, ಅದು 0.02 ಮೈಕ್ರಾನಿನಲ್ಲೂ ದಾಟುತ್ತದೆ, ಕುದಿಸಿದರೆ ಹೋಗುವುದಿಲ್ಲ. ಹಾಗಾಗಿ ಬಂಡೆಗಳಿಗೆ ಕಿತ್ತಳೆ ಬಣ್ಣ ಹಿಡಿದ, ಹುಳ ಪಾಚಿ ಏನೂ ಇಲ್ಲದ ತೊರೆ ಕಂಡರೆ ಮುಂದೆ ನಡೆಯಬೇಕು. ನೀಲಿ ಹಸಿರು ಪಾಚಿ ಕಟ್ಟಿದ ಕೊಳದ ವಿಷಕ್ಕೂ ಇದೇ ಮಾತು.

ಅಮೆರಿಕದಿಂದ ಊರಿಗೆ ಬರುವಾಗ ಸಾಯರನ್ನೋ ಬಿಫ್ರೀಯನ್ನೋ ತಂದು ಹಿಮಾಲಯದ ಚಾರಣಕ್ಕೆ ಒಯ್ಯುವ ಕನ್ನಡಿಗರಿದ್ದಾರೆ. ಎತ್ತರದಲ್ಲಿ ಚಳಿಯ ಎಚ್ಚರಿಕೆ ಅಲ್ಲಿಗೂ ಒಂದೇ. ಕೆಳಗೆ, ಊರು ಮತ್ತು ಯಾತ್ರಾಸ್ಥಳಗಳ ಕೊಳಚೆ ಸೇರುವ ಹೊಳೆಗಳಲ್ಲಿ ಹೆಪಟೈಟಿಸ್ ಎ, ಇ ವೈರಸ್‌ಗಳ ಭಯವಿದೆ. 0.1 ಮೈಕ್ರಾನಿನ ಜಾಲರಿ ಅವನ್ನು ನಿಲ್ಲಿಸುವುದಿಲ್ಲ. ಅಲ್ಲಿ ಸೋಸಿದ ನೀರನ್ನು ಕುದಿಸಿ ಕುಡಿಯಬೇಕು, ಇಲ್ಲವೇ ಮಾತ್ರೆ ಹಾಕಿ ಕಾಯಬೇಕು.