ಶಾಲೆಯನ್ನು ನೋಡುವ ಬಗೆ

ಮ್ಯಾಡ್ರಿಡ್‌ಗೆ ಹೋದವರು ಅರಮನೆ ನೋಡುತ್ತಾರೆ, ಪ್ರಾದೊ ಸಂಗ್ರಹಾಲಯ ನೋಡುತ್ತಾರೆ. ಕೆಂಪಿಟ್ಟಿಗೆಯ ಪ್ರಾಥಮಿಕ ಶಾಲೆಯೊಂದರ ಮುಂದೆ ನಿಲ್ಲುವವರು ವಿರಳ. ವಾಸ್ತುಶಿಲ್ಪದ ರುಚಿ ಹತ್ತಿಸಿಕೊಳ್ಳಬೇಕೆನ್ನುವವರಿಗೆ ಅಲ್ಲಿಂದಲೇ ಶುರುಮಾಡಿ ಎನ್ನುತ್ತೇನೆ. ಆ ಶಾಲೆಗಳ ಹಿಂದೆ ಬರ್ನಾರ್ದೊ ಹಿನೇರ್ ದೆ ಲೊಸ್ ರಿಯೊಸ್ ಇದ್ದಾರೆ. ವಾಸ್ತುಶಿಲ್ಪಿಯಾಗಿ ಶಾಲೆ ಕಟ್ಟಿದರು, ಮಂತ್ರಿಯಾದರು, ದೇಶ ಬಿಟ್ಟು ಹೋಗಿ 1970ರಲ್ಲಿ ಮೆಕ್ಸಿಕೊದಲ್ಲಿ ತೀರಿಕೊಂಡರು.

ಮೊದಲು ಮನೆತನ ತಿಳಿಯಿರಿ

ಹಿನೇರ್ ಹುಟ್ಟಿದ್ದು 1888ರಲ್ಲಿ, ಮಾಲಗ ಊರಿನಲ್ಲಿ. ದೊಡ್ಡಪ್ಪ ಫ್ರಾನ್ಸಿಸ್ಕೊ ಹಿನೇರ್. ವಿಶ್ವವಿದ್ಯಾಲಯದಿಂದ ಹೊರಬಿದ್ದ ಪ್ರಾಧ್ಯಾಪಕರ ಜೊತೆ ಸೇರಿ 1876ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ವತಂತ್ರ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರು ಅವರೇ. ಉರುಹೊಡೆಸುವುದು ಬೇಡ, ಮಕ್ಕಳನ್ನು ಬೆಟ್ಟಕ್ಕೆ, ಬಯಲಿಗೆ ಕರೆದೊಯ್ದು ಕಲಿಸಿ ಎಂಬುದು ಅಲ್ಲಿನ ಪಾಠಕ್ರಮ. ಬಯಲನ್ನೇ ತರಗತಿ ಎಂದು ನಂಬಿದ ಮನೆಯ ಹುಡುಗ ಗೋಡೆ ಎಬ್ಬಿಸುವ ಕಸುಬಿಗೆ ಬಂದ. ಹೊರಗನ್ನು ಒಳಗೆ ಎಷ್ಟು ಬಿಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಅವನ ಪಾಲಿಗೆ ಬಂದದ್ದು ಸಹಜ.

ಒಳಗೆ ಹೋಗಿ, ಕೂತು ನೋಡಿ

ಮುಂಭಾಗ ನೋಡಿ ತೀರ್ಪು ಕೊಡಬೇಡಿ. ಮಗು ಕೂರುವ ಎತ್ತರದಲ್ಲಿ ಕೂತು ಬೆಳಕು ಎಲ್ಲಿಂದ ಬರುತ್ತದೆ ನೋಡಿ. ಎಡಗಡೆಯಿಂದ ಬರಬೇಕು, ಬಲಗೈಯಲ್ಲಿ ಬರೆಯುವವರ ಕೈನೆರಳು ಅಕ್ಷರದ ಮೇಲೆ ಬೀಳಬಾರದು: ಆ ಕಾಲದ ಶಾಲಾ ವಾಸ್ತುವಿನಲ್ಲಿ ಇದು ಒಪ್ಪಿತ ನಿಯಮ. ಕಿಟಕಿ ಎಷ್ಟು ದೊಡ್ಡದಿದೆ, ಗಾಳಿ ಹೇಗೆ ಆಡುತ್ತದೆ ಎಂಬುದನ್ನು ಗಮನಿಸಿ. ಕ್ಷಯ ಮನೆಮನೆ ಕಾಡುತ್ತಿದ್ದ ದಿನಗಳಲ್ಲಿ ಬಿಸಿಲು, ಗಾಳಿ ಅಲಂಕಾರವಾಗಿರದೆ ಔಷಧವಾಗಿದ್ದವು. ತೆರೆದ ತಾರಸಿ, ಆಟದ ಅಂಗಳ, ಊಟದ ಕೋಣೆ, ಸ್ನಾನದ ವ್ಯವಸ್ಥೆ ಇವೆಲ್ಲ ನಕ್ಷೆಯೊಳಗೇ ಬಂದದ್ದು ಇದೇ ಕಾರಣಕ್ಕೆ.

ಇಟ್ಟಿಗೆಯನ್ನು ಓದಿ

ಗಾರೆ ಬಳಿಯದ ಇಟ್ಟಿಗೆ ಗೋಡೆ, ಮುಂದಕ್ಕೆ ಚಾಚಿದ ಸೂರು. ಇದು ಅಂತೋನಿಯೊ ಫ್ಲೋರೆಸ್ ಅವರ ಕೈ. ಶಿಕ್ಷಣ ಸಚಿವಾಲಯದಲ್ಲಿ ಶಾಲೆ ಕಟ್ಟಲೆಂದೇ 1920ರಲ್ಲಿ ತೆರೆದ ತಾಂತ್ರಿಕ ಕಚೇರಿಯ ಮುಖ್ಯಸ್ಥರು ಅವರು. ಅವರೂ ಹಿನೇರ್ ಅವರೂ ಸೇರಿ ಮ್ಯಾಡ್ರಿಡ್‌ಗೆ ಆರು ದೊಡ್ಡ ಶಾಲೆಗಳನ್ನು ಕೊಟ್ಟರು. ಇಟ್ಟಿಗೆ ಅಲ್ಲಿನದೇ ಸರಕು, ಅಲ್ಲಿನ ಗಾರೆಯವರಿಗೆ ಪಳಗಿದ ಕೆಲಸ, ಬಣ್ಣ ಬಳಿಯುವ ಖರ್ಚೂ ಇಲ್ಲ. ಸರ್ಕಾರಿ ದುಡ್ಡಿನಲ್ಲಿ ಬಡ ಬಡಾವಣೆಗೆ ಕಟ್ಟುವಾಗ ಇಂಥ ಲೆಕ್ಕವೂ ಸೌಂದರ್ಯದ ಭಾಗವೇ.

ಬಾಗಿಲ ಮೇಲಿನ ಹೆಸರನ್ನೂ ಬಿಡಬೇಡಿ: ಪೆರೆಸ್ ಗಾಲ್ದೋಸ್, ಪಾರ್ದೊ ಬಸಾನ್, ಕೊನ್ಸೆಪ್ಸಿಯೊನ್ ಅರೆನಾಲ್, ಹೊವಾಕಿನ್ ಕೊಸ್ತ. ಸಂತರ ಹೆಸರು ವಾಡಿಕೆಯಾಗಿದ್ದ ನಾಡಿನಲ್ಲಿ ಕಾದಂಬರಿಕಾರರು, ಸಮಾಜ ಚಿಂತಕರು ಬಾಗಿಲೇರಿದ್ದಾರೆ. ಅವರಲ್ಲಿ ಇಬ್ಬರು ಹೆಂಗಸರು.

ಕಟ್ಟಡದಲ್ಲಿ ರಾಜಕೀಯ ಹುಡುಕಿ

1931ರಲ್ಲಿ ಗಣರಾಜ್ಯ ಬಂದಾಗ ಸ್ಪೇನಿಗೆ ಸುಮಾರು 27,000 ಶಾಲೆ ಕೊರತೆ ಇದೆ ಎಂದು ಲೆಕ್ಕ ಹಾಕಿದರು. ಮೊದಲ ವರ್ಷದ ಗುರಿ 7,000. ಆ ವರ್ಷದ ಕೊನೆಗೆ ಶಿಕ್ಷಣ ಮಂತ್ರಿಯಾದ ಫೆರ್ನಾಂದೊ ದೆ ಲೊಸ್ ರಿಯೊಸ್ ಹಿನೇರ್ ಅವರ ಅಕ್ಕತಂಗಿಯರಲ್ಲಿ ಒಬ್ಬರಾದ ಗ್ಲೋರಿಯಾರ ಗಂಡ. ಶಾಲೆಯ ಕಿಟಕಿ ಎಷ್ಟು ಅಗಲವಿರಬೇಕು ಎಂಬುದೂ ರಾಜಕೀಯವಾಗಿದ್ದ ಕಾಲ ಅದು. ಹಿನೇರ್ ರಾಜಕೀಯಕ್ಕೆ ಬಂದದ್ದನ್ನು ಕಸುಬು ಬಿಟ್ಟದ್ದೆಂದು ನಾನು ಎಣಿಸುವುದಿಲ್ಲ. ಆದರೆ 1936ರಲ್ಲಿ, ಅಂತರ್ಯುದ್ಧ ಹೊತ್ತಿಕೊಂಡ ವರ್ಷ, ಮಂತ್ರಿಯಾದ ಅವರಿಗೆ ಸಿಕ್ಕದ್ದು ಅಂಚೆ, ತಂತಿ, ಸಂಪರ್ಕದ ಖಾತೆ. 1939ರಲ್ಲಿ ಗಣರಾಜ್ಯಕ್ಕೆ ಸೋಲು, ಆಮೇಲೆ ಅವರಿಗೆ ದೇಶಾಂತರ.

ಕೊನೆಗೆ ಪುಸ್ತಕ

ಯುದ್ಧ ಗೆದ್ದ ಆಡಳಿತ 1942ರಲ್ಲಿ ಗಣರಾಜ್ಯದ ಪರ ನಿಂತ ವಾಸ್ತುಶಿಲ್ಪಿಗಳಿಗೆ ಕಸುಬು ನಡೆಸದಂತೆ ನಿಷೇಧ, ದಂಡ ಹಾಕಿತು. ಹೊರಗಿದ್ದವರ ಕೆಲಸವನ್ನು ದೇಶ ಮರೆಯುವುದು ಸುಲಭವಾಗಿತ್ತು. ಹಿನೇರ್ 1952ರಲ್ಲಿ ಮೆಕ್ಸಿಕೊದಲ್ಲಿ 1900ರಿಂದ 1950ರವರೆಗಿನ ಸ್ಪ್ಯಾನಿಷ್ ವಾಸ್ತುಶಿಲ್ಪದ ಚರಿತ್ರೆ ಪ್ರಕಟಿಸಿದರು. ದೇಶಭ್ರಷ್ಟ ವಾಸ್ತುಶಿಲ್ಪಿಗಳ ಕೆಲಸಕ್ಕೂ ಅದರಲ್ಲಿ ಜಾಗ ಕೊಟ್ಟರು. ಪುಸ್ತಕ ಸಿಕ್ಕರೆ ಆ ಭಾಗವನ್ನು ಮೊದಲು ಓದಿ. ಅಮೆರಿಕ ಖಂಡದಲ್ಲಿ ಕಟ್ಟಿದ್ದೂ ಸ್ಪೇನಿನ ವಾಸ್ತುವೇ ಎಂದು ಅವರು ಅಲ್ಲಿ ಹಕ್ಕು ಸಾಧಿಸುತ್ತಾರೆ.

ಮ್ಯಾಡ್ರಿಡ್‌ನ ಆ ಆರರಲ್ಲಿ ಹಲವು ಶಾಲೆಗಳಲ್ಲಿ ಇಂದಿಗೂ ಪಾಠ ನಡೆಯುತ್ತದೆ, ಆದ್ದರಿಂದ ಸಲೀಸಾಗಿ ಒಳಗೆ ಬಿಡುವುದಿಲ್ಲ. ಶಾಲೆ ಬಿಡುವ ಹೊತ್ತಿಗೆ ಎದುರು ಬದಿಯಲ್ಲಿ ನಿಂತು ನೋಡಿ: ಅಂಗಳದಿಂದ ಬೀದಿಗೆ ಮಕ್ಕಳು ನುಗ್ಗಾಟವಿಲ್ಲದೆ ಹರಿದು ಬಂದರೆ, ನಕ್ಷೆ ಬರೆದವರಿಗೆ ಕೆಲಸ ಗೊತ್ತಿತ್ತು ಎಂದು ತಿಳಿಯಿರಿ.