ಎಂಟನೆಯ ತರಗತಿಯ ಬೀಜಗಣಿತ: ಒಂದು ಐತಿಹಾಸಿಕ ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 2024ರ ಮಾರ್ಚ್ ತಿಂಗಳಿನಲ್ಲಿ ನಡೆದ ಚುನಾವಣೆಯಲ್ಲಿ ಮತದಾರರ ಮುಂದೆ ಒಂದು ಅಪೂರ್ವವಾದ ಪ್ರಶ್ನೆಯನ್ನಿಡಲಾಗಿತ್ತು. ನಗರದ ಸಾರ್ವಜನಿಕ ಶಾಲೆಗಳಲ್ಲಿ ಬೀಜಗಣಿತವನ್ನು ಎಂಟನೆಯ ತರಗತಿಯಲ್ಲಿಯೇ ಕಲಿಯುವ ಅವಕಾಶವಿರಬೇಕೆ ಎಂಬುದೇ ಆ ಪ್ರಶ್ನೆ. ಮತದಾರರು ಬಹು ದೊಡ್ಡ ಅಂತರದಿಂದ ಇರಬೇಕೆಂದರು. ಆ ಮತವು ಕೇವಲ ಅಭಿಪ್ರಾಯಸೂಚಕವಾಗಿದ್ದಿತು. ಶಾಲಾ ಮಂಡಲಿಯು ಅದಕ್ಕೆ ಹಿಂದಿನ ತಿಂಗಳಿನಲ್ಲಿಯೇ ತನ್ನ ಹತ್ತು ವರ್ಷಗಳ ನೀತಿಯನ್ನು ಕೈಬಿಡಲು ನಿಶ್ಚಯಿಸಿದ್ದಿತು. ಆದರೂ ಹದಿಮೂರು ವರ್ಷದ ಮಗುವು ಯಾವ ಗಣಿತವನ್ನು ಓದಬೇಕೆಂಬ ವಿಷಯವು ಮತಪೆಟ್ಟಿಗೆಯವರೆಗೆ ಹೋದದ್ದೇಕೆ ಎಂಬುದು ಇತಿಹಾಸದ ವಿದ್ಯಾರ್ಥಿಗೆ ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ.

ಈ ವಿವಾದದ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಮಗುವಿನ ಯೋಗ್ಯತೆಯನ್ನೇ ಚರ್ಚಿಸುತ್ತವೆ. ಮಗು ಸಿದ್ಧವಾಗಿದೆಯೆ, ಉಪಾಧ್ಯಾಯರ ಶಿಫಾರಸು ಮುಖ್ಯವೋ ಪರೀಕ್ಷೆಯ ಅಂಕ ಮುಖ್ಯವೋ, ಮುಂದೆ ತಳ್ಳಿದರೆ ಹಾನಿಯೋ ಹಿಂದೆ ನಿಲ್ಲಿಸಿದರೆ ಹಾನಿಯೋ ಎಂಬವೇ ಅವುಗಳ ವಿಷಯ. ಇವೆಲ್ಲ ಅವಶ್ಯವಾದ ಪ್ರಶ್ನೆಗಳೇ. ಆದರೆ ಇವುಗಳನ್ನು ಕೇಳುವವರು ಮಗು ಹತ್ತಬೇಕಾದ ಏಣಿಯನ್ನು ಪ್ರಕೃತಿದತ್ತವೆಂಬಂತೆ ಸ್ವೀಕರಿಸಿಬಿಟ್ಟಿದ್ದಾರೆ. ಆ ಏಣಿಯ ಮೆಟ್ಟಿಲುಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಗಳಿಂದ ಜೋಡಿಸಲ್ಪಟ್ಟವು ಎಂಬುದೇ ಪ್ರಕೃತ ಲೇಖನದ ವಾದ.

ನಮ್ಮ ವಾಚಕರಿಗೆ ಏಣಿಯ ಸ್ವರೂಪವನ್ನು ಮೊದಲು ವಿವರಿಸಬೇಕು. ನಮ್ಮ ಶಾಲೆಗಳಲ್ಲಿ ಅಂಕಗಣಿತ, ಬೀಜಗಣಿತ, ರೇಖಾಗಣಿತಗಳು ಒಂದೇ ಪುಸ್ತಕದ ಅಧ್ಯಾಯಗಳಾಗಿ ವರ್ಷವರ್ಷವೂ ಜೊತೆಯಲ್ಲಿ ಸಾಗುತ್ತವೆ. ಅಮೆರಿಕದ ಬಹುಪಾಲು ಶಾಲೆಗಳಲ್ಲಿ ಹಾಗಲ್ಲ. ಅಲ್ಲಿ ಬೀಜಗಣಿತದ ಮೊದಲ ಭಾಗಕ್ಕೆ ಒಂದು ವರ್ಷ, ರೇಖಾಗಣಿತಕ್ಕೆ ಒಂದು ವರ್ಷ, ಬೀಜಗಣಿತದ ಎರಡನೆಯ ಭಾಗಕ್ಕೆ ಒಂದು ವರ್ಷ, ಕಲನಶಾಸ್ತ್ರದ ಪೂರ್ವಸಿದ್ಧತೆಗೆ ಒಂದು ವರ್ಷ, ಕೊನೆಗೆ ಕಲನಶಾಸ್ತ್ರ. ಮೆಟ್ಟಿಲುಗಳು ಐದು, ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಪ್ರೌಢಶಾಲೆಯ ವರ್ಷಗಳು ನಾಲ್ಕು. ಒಂಬತ್ತನೆಯ ತರಗತಿಯಲ್ಲಿ ಬೀಜಗಣಿತವನ್ನು ಆರಂಭಿಸಿದವನು ಕ್ರಮವಾಗಿ ನಡೆದರೆ ಶಾಲೆಯಲ್ಲಿ ಕಲನಶಾಸ್ತ್ರವನ್ನು ಮುಟ್ಟಲಾರ. ಮುಟ್ಟಬೇಕಾದರೆ ಎಂಟನೆಯ ತರಗತಿಯಲ್ಲಿ ಆರಂಭಿಸಬೇಕು. ಹಾಗೆ ಆರಂಭಿಸಲು ಅದಕ್ಕೆ ಹಿಂದಿನ ಪಾಠಗಳನ್ನು ಬೇಗ ಮುಗಿಸಿರಬೇಕು. ಆದುದರಿಂದ ಹದಿನೇಳನೆಯ ವಯಸ್ಸಿನ ಕಲನಶಾಸ್ತ್ರದ ತೀರ್ಮಾನವು ಐದನೆಯ ಅಥವಾ ಆರನೆಯ ತರಗತಿಯ ಕೊನೆಯಲ್ಲಿ, ಹನ್ನೊಂದು ವರ್ಷದ ಮಗುವಿನ ಮೇಲೆ ಬಂದು ಕುಳಿತುಕೊಳ್ಳುತ್ತದೆ.

ಈ ಕ್ರಮವು ಹೇಗೆ ಬಂದಿತು? ಹಾರ್ವರ್ಡ್ ಕಾಲೇಜು 1820ರಲ್ಲಿ ತನ್ನ ಪ್ರವೇಶಕ್ಕೆ ಬೀಜಗಣಿತವನ್ನು ಕೇಳತೊಡಗಿತು. ಯೇಲ್ ಕಾಲೇಜು ರೇಖಾಗಣಿತವನ್ನು ಕೇಳಿದ್ದು 1865ರಲ್ಲಿ. ಕಾಲೇಜುಗಳು ಕೇಳಿದ ಅನುಕ್ರಮದಲ್ಲಿಯೇ ಶಾಲೆಗಳು ವಿಷಯಗಳನ್ನು ಒಂದರ ಮೇಲೊಂದು ಪೇರಿಸಿಕೊಂಡವೆಂದು ತೋರುತ್ತದೆ. ಈ ಸ್ಥಿತಿಯನ್ನು ಸರಿಪಡಿಸಲು 1892ರಲ್ಲಿ ಹಾರ್ವರ್ಡಿನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಅವರ ನೇತೃತ್ವದಲ್ಲಿ ನೇಮಕವಾದ ಹತ್ತು ಮಂದಿಯ ಸಮಿತಿಯ ವರದಿಯು ಇಂದಿಗೂ ಓದತಕ್ಕದ್ದಾಗಿದೆ. ಅದರ ಗಣಿತ ಉಪಸಮಿತಿಗೆ ಖಗೋಳಶಾಸ್ತ್ರಜ್ಞ ಸೈಮನ್ ನ್ಯೂಕಂಬ್ ಅಧ್ಯಕ್ಷರು. ಅಂಕಗಣಿತದ ಭಾರವನ್ನು ಕಡಮೆ ಮಾಡಿ, ಸುಮಾರು ಹತ್ತು ವರ್ಷದಿಂದಲೇ ಮಕ್ಕಳಿಗೆ ವಸ್ತುರೂಪದ ರೇಖಾಗಣಿತವನ್ನು ಕಲಿಸಬೇಕೆಂದೂ, ಹದಿನಾಲ್ಕರ ಸುಮಾರಿನಲ್ಲಿ ಕ್ರಮಬದ್ಧವಾದ ಬೀಜಗಣಿತವನ್ನು ಆರಂಭಿಸಿ, ಒಂದು ವರ್ಷದ ತರುವಾಯ ರೇಖಾಗಣಿತವನ್ನೂ ಅದರ ಪಕ್ಕದಲ್ಲಿಯೇ ಎರಡು ವರ್ಷ ನಡೆಸಬೇಕೆಂದೂ ಉಪಸಮಿತಿಯವರು ಸೂಚಿಸಿದರು.

ಶಾಲೆಗಳು ಈ ಸಲಹೆಗಳಲ್ಲಿ ಹದಿನಾಲ್ಕನೆಯ ವಯಸ್ಸಿನ ಬೀಜಗಣಿತವನ್ನು ಉಳಿಸಿಕೊಂಡವು. ಕೆಳಗಿನ ತರಗತಿಗಳ ರೇಖಾಗಣಿತವನ್ನೂ ಪಕ್ಕಪಕ್ಕದ ಬೋಧನೆಯನ್ನೂ ಬಿಟ್ಟುಬಿಟ್ಟವು. ಅರ್ಧ ಮಾತ್ರ ಅನುಷ್ಠಾನಕ್ಕೆ ಬಂದ ವರದಿಯು ಬಾರದ ವರದಿಗಿಂತ ಹೆಚ್ಚು ಕೆಡುಕನ್ನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಈ ಲೇಖಕನಿಗೆ ಸಿಕ್ಕಿಲ್ಲ. 1923ರಲ್ಲಿ ಗಣಿತ ಅವಶ್ಯಕತೆಗಳ ರಾಷ್ಟ್ರೀಯ ಸಮಿತಿಯವರು ಏಳರಿಂದ ಒಂಬತ್ತರವರೆಗಿನ ತರಗತಿಗಳಲ್ಲಿ ಮೂರು ಗಣಿತಗಳನ್ನೂ ಬೆರೆಸಿ ಕಲಿಸುವ ಮಾತನ್ನು ಮತ್ತೆ ಎತ್ತಿದರು. ಅದೂ ಬಹುಮಟ್ಟಿಗೆ ಪುಸ್ತಕದಲ್ಲಿಯೇ ಉಳಿಯಿತು.

ಏಣಿಯ ಮೇಲಿನ ತುದಿಯನ್ನು ಕಟ್ಟಿದವರು ಬೇರೆ. ಕಾಲೇಜಿನ ಮಟ್ಟದ ಪಾಠಗಳನ್ನು ಪ್ರೌಢಶಾಲೆಯಲ್ಲಿಯೇ ಮುಗಿಸುವ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಪರೀಕ್ಷೆಗಳನ್ನು ಕಾಲೇಜ್ ಬೋರ್ಡ್ ಸಂಸ್ಥೆಯು 1956ರಲ್ಲಿ ಆರಂಭಿಸಿತು. ಮರುವರ್ಷವೇ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿತು. ಗಣಿತದ ಬಗ್ಗೆ ಆ ದೇಶದಲ್ಲಿ ಆತುರವೂ ಹೆಚ್ಚಿತು. ಕಾಲಕ್ರಮದಲ್ಲಿ ಕಲನಶಾಸ್ತ್ರವು ಒಳ್ಳೆಯ ಕಾಲೇಜಿನ ಬಾಗಿಲಿನ ಗುರುತಾಯಿತು. ಹೀಗೆ ಕೆಳಗಿನ ತುದಿ 1890ರ ದಶಕದ್ದು, ಮೇಲಿನ ತುದಿ 1950ರ ದಶಕದ್ದು. ಎರಡರ ನಡುವೆ ಕಡಮೆ ಬಿದ್ದ ಒಂದು ವರ್ಷವನ್ನು ಎಲ್ಲಿಂದ ತರಬೇಕು? ಮೇಲಿನವರೂ ಕೊಡಲಿಲ್ಲ, ಕೆಳಗಿನವರೂ ಕೊಡಲಿಲ್ಲ. ಮಾಧ್ಯಮಿಕ ಶಾಲೆಯ ಮಗುವೇ ಅದನ್ನು ತೆರಬೇಕಾಯಿತು.

ಈ ದೃಷ್ಟಿಯಿಂದ ನೋಡಿದರೆ ಇತ್ತೀಚಿನ ಪರಸ್ಪರ ವಿರುದ್ಧ ನೀತಿಗಳು ಒಂದೇ ತಪ್ಪಿನ ಎರಡು ಮುಖಗಳಾಗಿ ಕಾಣುತ್ತವೆ. ಉತ್ತರ ಕೆರೊಲಿನಾದ ಷಾರ್ಲಟ್ ಪ್ರದೇಶದ ಶಾಲೆಗಳು 2002ರ ಸುಮಾರಿನಲ್ಲಿ ಸಾಧಾರಣ ಅಂಕಗಳ ಮಕ್ಕಳನ್ನೂ ಎಂಟನೆಯ ತರಗತಿಯ ಬೀಜಗಣಿತಕ್ಕೆ ಸೇರಿಸಿದವು. ಕ್ಲಾಟ್‌ಫೆಲ್ಟರ್, ಲ್ಯಾಡ್ ಮತ್ತು ವಿಗ್ಡಾರ್ ಎಂಬ ವಿದ್ವಾಂಸರು ಇದನ್ನು ಪರಿಶೀಲಿಸಿ, ಹಾಗೆ ಸೇರಿಸಲ್ಪಟ್ಟವರ ಬೀಜಗಣಿತದ ಅಂಕಗಳು ಕುಗ್ಗಿದುವೆಂದೂ ಮುಂದಿನ ರೇಖಾಗಣಿತದಲ್ಲಿ ಅವರು ತೇರ್ಗಡೆಯಾಗುವ ಸಂಭವ ಕಡಮೆಯಾಯಿತೆಂದೂ ತೋರಿಸಿದರು. ಕ್ಯಾಲಿಫೋರ್ನಿಯ ರಾಜ್ಯ ಶಿಕ್ಷಣ ಮಂಡಲಿಯು 2008ರಲ್ಲಿ ಎಂಟನೆಯ ತರಗತಿಯ ಎಲ್ಲರಿಗೂ ಬೀಜಗಣಿತದ ಪರೀಕ್ಷೆಯೆಂದು ನಿರ್ಣಯಿಸಿತು. ನ್ಯಾಯಾಲಯವು ಅದನ್ನು ತಡೆಯಿತು. ಅದೇ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ ತಿರುಗಿ ನಿಂತು, ಎಂಟನೆಯ ತರಗತಿಯಲ್ಲಿ ಯಾರಿಗೂ ಬೇಡ, ಒಂಬತ್ತರಲ್ಲಿ ಎಲ್ಲರಿಗೂ ಎಂದಿತು. ಉದ್ದೇಶವು ಉದಾತ್ತವೇ: ಕಪ್ಪು ಜನರ ಮತ್ತು ಲ್ಯಾಟಿನೊ ಜನರ ಮಕ್ಕಳು ಕೆಳಗಿನ ದಾರಿಗೆ ತಳ್ಳಲ್ಪಡುವುದನ್ನು ತಪ್ಪಿಸುವುದು. ಆದರೆ ಮೇಲಿನ ತುದಿಯು ಇದ್ದಲ್ಲಿಯೇ ಇತ್ತು. ಕಲನಶಾಸ್ತ್ರವನ್ನು ಬಯಸಿದವರಿಗಾಗಿ ಎರಡು ವರ್ಷಗಳ ಪಾಠವನ್ನು ಒಂದೇ ವರ್ಷಕ್ಕೆ ಅಡಕಿದ ತರಗತಿಯನ್ನು ಹನ್ನೊಂದನೆಯ ತರಗತಿಯಲ್ಲಿ ಇಡಬೇಕಾಯಿತು. ಮೇಲ್ಮಟ್ಟದ ಗಣಿತ ಪಾಠಗಳಲ್ಲಿ ಜನವರ್ಗಗಳ ನಡುವಿನ ಅಂತರವು ಬದಲಾಗಲಿಲ್ಲವೆಂದು ಸ್ಟ್ಯಾನ್‌ಫರ್ಡಿನ ಸಂಶೋಧಕರು 2023ರಲ್ಲಿ ವರದಿ ಮಾಡಿದರು.

ಇವರೆಲ್ಲರಿಗಿಂತ ರಾಬರ್ಟ್ ಮೋಸಸ್ ಅವರ ಪ್ರಯತ್ನವನ್ನು ಈ ಲೇಖಕನು ಹೆಚ್ಚು ಗೌರವದಿಂದ ಕಾಣುತ್ತಾನೆ. 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಹೊಡೆತ ತಿಂದು ದುಡಿದ ಈತ, 1982ರಲ್ಲಿ ತನ್ನ ಮಗಳ ಶಾಲೆಯಲ್ಲಿ ಎಂಟನೆಯ ತರಗತಿಗೆ ಬೀಜಗಣಿತವಿಲ್ಲದಿರಲು, ತಾನೇ ಹೋಗಿ ಅವಳಿಗೂ ಕೆಲವು ಸಹಪಾಠಿಗಳಿಗೂ ಪಾಠ ಹೇಳಿದರು. ‘ಬೀಜಗಣಿತ ಯೋಜನೆ’ ಹುಟ್ಟಿದ್ದು ಹಾಗೆ. ಏಣಿ ತಪ್ಪೆಂದು ಅವರು ವಾದಿಸುತ್ತ ಕೂರಲಿಲ್ಲ. ಅದು ಇರುವವರೆಗೆ ಅದರ ಕೆಳಗಿನ ಮೆಟ್ಟಿಲಿಗೆ ಕಲಿಸುವವರನ್ನು ಕೊಡಬೇಕೆಂದರು. ಟೆಕ್ಸಸ್ ರಾಜ್ಯವು 2023ರಲ್ಲಿ ಮಾಡಿದ ಶಾಸನದಲ್ಲಿಯೂ ಒಂದು ಗುಣವಿದೆ. ಐದನೆಯ ತರಗತಿಯ ಗಣಿತ ಪರೀಕ್ಷೆಯಲ್ಲಿ ಮೇಲಿನ ಶೇಕಡ 40ರೊಳಗೆ ಬಂದವರನ್ನು ಶಾಲೆಯು ತಾನಾಗಿಯೇ ಮುಂದುವರಿದ ಗಣಿತಕ್ಕೆ ಸೇರಿಸತಕ್ಕದ್ದು. ಬೇಡವೆನ್ನುವ ಹೊಣೆ ತಂದೆತಾಯಿಗಳದು. ಕೇಳಲು ಅರಿತವರ ಮಕ್ಕಳಿಗೆ ಮಾತ್ರ ಸಿಗುತ್ತಿದ್ದುದು ಇದರಿಂದ ಕೇಳಲು ಅರಿಯದವರ ಮಕ್ಕಳಿಗೂ ಸಿಗುವಂತಾಯಿತು. ಆದರೆ ಆ ಮಿತಿಗೆ ಸ್ವಲ್ಪ ಕೆಳಗೆ ಬಿದ್ದ ಮಗು ಮುಂದೆ ಯಾವಾಗ, ಹೇಗೆ ಮೇಲೆ ಬರಬಹುದೆಂಬುದೇ ಮುಖ್ಯ ಪ್ರಶ್ನೆ. ದಾರಿಯ ಯೋಗ್ಯತೆಯನ್ನು ಅಳೆಯಬೇಕಾದದ್ದು ಯಾರು ಬೇಗ ಹತ್ತಿದರೆಂಬುದರಿಂದಲ್ಲ, ತಡವಾದವನು ಯಾವ ಬೆಲೆ ತೆತ್ತು ಸೇರಿಕೊಳ್ಳಬಹುದೆಂಬುದರಿಂದ.

ನಮ್ಮಲ್ಲಿ ಈ ಕವಲು ಇಷ್ಟು ಕೆಳಗಿಲ್ಲ. ಒಂದು ಕಾಲದಲ್ಲಿ ಹುಡುಗಿಯರಿಗೆ ಗಣಿತದ ಬದಲು ಗೃಹವಿಜ್ಞಾನವೆಂಬ ಪದ್ಧತಿ ಹಲವು ಕಡೆ ಇದ್ದಿತು. ಕೊಠಾರಿ ಆಯೋಗವು (1964–66) ಮೊದಲ ಹತ್ತು ವರ್ಷಗಳಲ್ಲಿ ಗಣಿತವೂ ವಿಜ್ಞಾನವೂ ಎಲ್ಲರಿಗೂ ಎಂದು ವಿಧಿಸಿದುದು ಸಣ್ಣ ಮಾತಲ್ಲ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯು 2020ರ ಹತ್ತನೆಯ ತರಗತಿಯ ಪರೀಕ್ಷೆಯಿಂದ ‘ಬೇಸಿಕ್’ ಮತ್ತು ‘ಸ್ಟಾಂಡರ್ಡ್’ ಎಂಬ ಎರಡು ಗಣಿತ ಪ್ರಶ್ನೆಪತ್ರಿಕೆಗಳನ್ನು ತಂದಾಗಲೂ ಪಾಠ್ಯಕ್ರಮವನ್ನು ಒಂದೇ ಆಗಿ ಉಳಿಸಿತು. ‘ಬೇಸಿಕ್’ ಬರೆದವನು ಹನ್ನೊಂದನೆಯ ತರಗತಿಯಲ್ಲಿ ಗಣಿತವನ್ನು ಬಯಸಿದರೆ ‘ಸ್ಟಾಂಡರ್ಡ್’ ಪರೀಕ್ಷೆಯನ್ನು ಬರೆದು ತೇರ್ಗಡೆಯಾಗಬೇಕೆಂದಿತು; ಆ ನಿಯಮವನ್ನೂ ಆನಂತರ ಕೆಲವು ವರ್ಷ ಸಡಿಲಿಸಿತು. ಮರಳುವ ದಾರಿಯನ್ನು ಬರವಣಿಗೆಯಲ್ಲಿಟ್ಟ ಮಟ್ಟಿಗೆ ಇದು ಅಮೆರಿಕದ ಏಣಿಗಿಂತ ಉತ್ತಮ.

ಆದರೆ ಸುತ್ತೋಲೆಗಳಲ್ಲಿ ಕಾಣದ ಕವಲುಗಳೂ ಉಂಟು. ಈ ಲೇಖಕನು ಓದಿದ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಯ ಮೊದಲ ಕಿರುಪರೀಕ್ಷೆಯ ಅಂಕಗಳಿಂದ ‘ಎ’ ಮತ್ತು ‘ಬಿ’ ವಿಭಾಗಗಳನ್ನು ಮಾಡುತ್ತಿದ್ದರು. ಪುಸ್ತಕ ಒಂದೇ, ‘ಬಿ’ ವಿಭಾಗದಲ್ಲಿ ಪ್ರಮೇಯಗಳ ಸಾಧನೆಯನ್ನು ಬಿಟ್ಟು ಅಂಕಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುತ್ತಿದ್ದರು. ಪದವಿಪೂರ್ವ ತರಗತಿಗೆ ಅರ್ಜಿ ಹಾಕುವಾಗ ‘ಬಿ’ಯವರಲ್ಲಿ ಹೆಚ್ಚಿನವರು, ಈ ಲೇಖಕನನ್ನೂ ಸೇರಿಸಿ, ಗಣಿತದ ಅಂಕಣವನ್ನು ಖಾಲಿ ಬಿಟ್ಟರು. ಇತಿಹಾಸಕ್ಕೆ ಬಂದುದರ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೆ ಅದು ಆಯ್ಕೆಯಾಗಿರಲಿಲ್ಲ. ಮೂರು ವರ್ಷಗಳಲ್ಲಿ ‘ಬಿ’ಯಿಂದ ‘ಎ’ಗೆ ದಾಟಿದವರು ಇಬ್ಬರು. ಇಬ್ಬರ ತಂದೆಯರೂ ಅದೇ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು.

ಹೀಗೆ ದಾಟಿದವರ ಮತ್ತು ದಾಟದವರ ಲೆಕ್ಕವು ಶಾಲೆಗಳ ಹಾಜರಿ ಪುಸ್ತಕಗಳಲ್ಲಿದೆ. ಈ ಜಿಲ್ಲೆಯ ಕೆಲವು ಪ್ರೌಢಶಾಲೆಗಳ ಹಳೆಯ ಹಾಜರಿ ಪುಸ್ತಕಗಳನ್ನು ಪರಿಶೀಲಿಸಲು ವಿಭಾಗದ ಮೂಲಕ ಅನುಮತಿಯನ್ನು ಕೋರಲಾಗಿದೆ.